ಪಾರ್ಥಿಯನ್ ಡ್ರಾಕ್ಮ್: ಯಾರ ಕೈಯಿಂದ ಯಾರ ಕೈಗೆ ಬಂತು ಅಂತ ಹುಡುಕೋದು ಹೇಗೆ?

#1 ಹಳೇಕಾಸು

ಎಲ್ಲರಿಗೂ ನಮಸ್ಕಾರ. ಯುರೋಪಿನ ಒಂದು ಹರಾಜಿನಲ್ಲಿ ಇರುವ, ಪ್ರಾಚೀನ ಇರಾನಿನ ಪಾರ್ಥಿಯನ್ ದೊರೆಗಳ ಬೆಳ್ಳಿ ನಾಣ್ಯ ಡ್ರಾಕ್ಮ್ ಬಗ್ಗೆ ಸಲಹೆ ಬೇಕು. ಅವರ ವಿವರಣೆ ಇಷ್ಟೇ: ಎರಡನೇ ಒರೊಡೆಸ್ (ಕ್ರಿ.ಪೂ. 57–38), ಎಕ್ಬಟಾನಾ ಟಂಕಸಾಲೆ, ಸೆಲ್‌ವುಡ್ 48 (ಸೆಲ್‌ವುಡ್ ಬರೆದ ಪಾರ್ಥಿಯನ್ ನಾಣ್ಯಗಳ ಪುಸ್ತಕದ ಸಂಖ್ಯೆ), 3.92 ಗ್ರಾಂ, 20 ಮಿ.ಮೀ., ‘ಹಳೆಯ ಯುರೋಪಿಯನ್ ಸಂಗ್ರಹದಿಂದ’. ಜೊತೆಗೆ ಕೈಬರಹದ ಒಂದು ಚೀಟಿ ಇದೆ. ಅದರಲ್ಲಿ ‘ಒಂದನೇ ಒರೊಡೆಸ್’ ಅಂತಲೂ ‘60.5’ ಅಂತಲೂ ಬರೆದಿದೆ.

ಗುರುತು ಸರಿಯೇ? ಚೀಟಿಯಲ್ಲಿ ದೊರೆಯೇ ಬೇರೆ ಇರುವಾಗ ಅದನ್ನು ನಂಬಬಹುದೇ? ಹಿಂದಿನ ಒಡೆತನವನ್ನು ಮನೆಯಲ್ಲೇ ಕೂತು ಎಷ್ಟು ದೂರ ಹುಡುಕಬಹುದು? ಬೆಂಗಳೂರಿಗೆ ತರಿಸುವ ಯೋಚನೆ.

#2 ಬಿಲ್ಲುಗಾರ

ಮೊದಲು ಗುರುತು. ಪಾರ್ಥಿಯನ್ ನಾಣ್ಯದ ದೊಡ್ಡ ತಲೆನೋವು ಏನೆಂದರೆ ಹೆಚ್ಚುಕಡಿಮೆ ಎಲ್ಲ ದೊರೆಗಳೂ ನಾಣ್ಯದ ಮೇಲೆ ತಮ್ಮ ಸ್ವಂತ ಹೆಸರು ಹಾಕಿಸದೆ ವಂಶಸ್ಥಾಪಕನ ಹೆಸರು ‘ಅರ್ಸಾಕೆಸ್’ ಅಂತಲೇ ಹಾಕಿಸಿದರು. ಹಿಮ್ಮುಖದಲ್ಲಿ ಬಿಲ್ಲು ಹಿಡಿದು ಕೂತವನ ಸುತ್ತ ಚೌಕಾಕಾರವಾಗಿ ಇರುವ ಗ್ರೀಕ್ ಬರಹವನ್ನು ಕನ್ನಡದಲ್ಲಿ ಹೇಳುವುದಾದರೆ ‘ರಾಜಾಧಿರಾಜ, ಉಪಕಾರಿ, ನ್ಯಾಯವಂತ, ಪ್ರತ್ಯಕ್ಷ ದೇವರು, ಗ್ರೀಕರ ಗೆಳೆಯ ಅರ್ಸಾಕೆಸನದು’. ಇದನ್ನು ಓದಿ ದೊರೆ ಯಾರು ಅಂತ ಹೇಳಲು ಬರುವುದಿಲ್ಲ. ಮುಖ, ಗಡ್ಡದ ಉದ್ದ, ಕಿರೀಟ, ಬಿರುದುಗಳ ಪಟ್ಟಿ, ಬಿಲ್ಲುಗಾರ ಕೂತ ಪೀಠ, ಇವನ್ನೆಲ್ಲ ಸೇರಿಸಿ ತೀರ್ಮಾನಿಸಬೇಕು.

ಪೀಠ ಒಳ್ಳೆಯ ಸುಳಿವು. ಮೊದಲ ಕಾಲದಲ್ಲಿ ಬೆನ್ನಾನಿಕೆಯಿಲ್ಲದ ಮಣೆಯಂಥ ಆಸನ, ಆಮೇಲೆ ಓಂಫಲೋಸ್ ಅನ್ನುವ ಗುಂಡುಕಲ್ಲು, ಎರಡನೇ ಮಿತ್ರಿಡೇಟ್ಸ್ (ಕ್ರಿ.ಪೂ. 121–91) ಕಾಲದ ಕೊನೆಗೆ ಬರುವ ಹೊತ್ತಿಗೆ ಬೆನ್ನಿರುವ ಸಿಂಹಾಸನ. ಎರಡನೇ ಒರೊಡೆಸ್‌ನಾದರೆ ಹಣೆಯ ಮೇಲೆ ಗುಳ್ಳೆಯೊಂದು ಎದ್ದು ಕಾಣುತ್ತದೆ. ತಲೆಯ ಹಿಂದುಮುಂದಿನ ಅರ್ಧಚಂದ್ರ, ನಕ್ಷತ್ರ ಎಷ್ಟಿವೆ, ಎಲ್ಲಿವೆ ಎಂಬುದರ ಮೇಲೆ ಉಪಮಾದರಿ ನಿರ್ಧಾರ. ತಲೆಯ ಹಿಂದೆ ಹದ್ದು ಇದ್ದರೆ ಅವನ ಮಗ ನಾಲ್ಕನೇ ಫ್ರಾಟೆಸ್ ಕಡೆ ನೋಡಿ. ಟಂಕಸಾಲೆಯ ಗುರುತು ಬಿಲ್ಲಿನ ಕೆಳಗೆ, ಎರಡು ಮೂರು ಗ್ರೀಕ್ ಅಕ್ಷರ ಹೆಣೆದ ಮುದ್ರೆ.

ಎಕ್ಬಟಾನಾ ಅಂದರೆ ಇಂದಿನ ಇರಾನಿನ ಹಮದಾನ್. ಆದರೆ ಹಮದಾನಿನಲ್ಲಿ ಅಚ್ಚಾಯಿತು ಅಂದ ಮಾತ್ರಕ್ಕೆ ಹಮದಾನಿನಲ್ಲೇ ಮಣ್ಣಿನಿಂದ ಎದ್ದಿತು ಅಂತ ಹೇಳಲಾಗದು. ಮಾರುವವರು ಈ ಎರಡನ್ನೂ ಕಲಸಿಬಿಡುತ್ತಾರೆ. ಎಲ್ಲಿ ಹೊಡೆದರು ಎಂಬುದನ್ನು ನಾಣ್ಯವೇ ಹೇಳುತ್ತದೆ. ಎಲ್ಲಿ ಸಿಕ್ಕಿತು ಎಂಬುದಕ್ಕೆ ಉತ್ಖನನದ ದಾಖಲೆ ಬೇಕು, ಯಾರ ಬಳಿ ಇತ್ತು ಎಂಬುದಕ್ಕೆ ಕಾಗದ, ಚಿತ್ರ ಬೇಕು. ನಾಣ್ಯದ ಮೈಮೇಲೆಯೇ ಪ್ರಯಾಣದ ಗುರುತು ಇರುವುದು ಅಪರೂಪ: ಒರೊಡೆಸ್, ನಾಲ್ಕನೇ ಫ್ರಾಟೆಸ್ ಡ್ರಾಕ್ಮ್‌ಗಳಲ್ಲಿ ಕೆಲವಕ್ಕೆ ಪೂರ್ವದ ಗಡಿಯಲ್ಲಿ ಸಣ್ಣ ಮರುಮುದ್ರೆ ಒತ್ತಿದ್ದಾರೆ. ಅಂಥದ್ದು ಸಿಕ್ಕರೆ ಆ ನಾಣ್ಯ ಹುಟ್ಟಿದ ಊರು ಬಿಟ್ಟು ಪೂರ್ವಕ್ಕೆ ಹೋಗಿತ್ತು ಅಂತ ಧೈರ್ಯವಾಗಿ ಹೇಳಬಹುದು.

#3 ಚೀಟಿಚೀಲ

ಚೀಟಿಯ ಬಗ್ಗೆ ನಾನು ಹೇಳುತ್ತೇನೆ. ‘ಒಂದನೇ ಒರೊಡೆಸ್’ ಅಂತ ಇರುವುದು ನಿಮ್ಮ ಪರವಾಗಿಯೇ ಇದೆ. ಬ್ರಿಟಿಷ್ ಮ್ಯೂಸಿಯಮ್ಮಿನ ಪಾರ್ಥಿಯನ್ ನಾಣ್ಯಗಳ ಪಟ್ಟಿಯನ್ನು ವಾರ್ವಿಕ್ ರಾತ್ ಮಾಡಿದ್ದು 1903ರಲ್ಲಿ. ಕ್ರಿ.ಪೂ. 53ರಲ್ಲಿ ಕ್ಯಾರೆಯಲ್ಲಿ ರೋಮನ್ ಸೇನೆ ಸೋತಾಗ ಪಾರ್ಥಿಯಾ ಆಳುತ್ತಿದ್ದ ಒರೊಡೆಸ್ ಆಗ ‘ಒಂದನೆಯವ’. ಅವನಿಗಿಂತ ಹಿಂದೆ ಇನ್ನೊಬ್ಬ ಒರೊಡೆಸ್ ಇದ್ದ ಅಂತ ಖಚಿತವಾದ ಮೇಲೆ ಇವನು ಎರಡನೆಯವನಾದ. ಹಾಗಾಗಿ ಚೀಟಿ ಬರೆದವರು ಹಳೆಯ ಎಣಿಕೆ ಇಟ್ಟುಕೊಂಡಿದ್ದಾರೆ ಅಷ್ಟೆ.

ಚೀಟಿಗೆ ವಯಸ್ಸು ಕಟ್ಟುವ ದಾರಿಯೂ ಇದೇ. ರಾತ್ ಪಟ್ಟಿಯ ಸಂಖ್ಯೆ ಇದ್ದರೆ ಚೀಟಿ 1903ಕ್ಕಿಂತ ಹಿಂದಿನದಲ್ಲ. ಸೆಲ್‌ವುಡ್ ಸಂಖ್ಯೆ ಇದ್ದರೆ 1971ಕ್ಕಿಂತ ಹಿಂದಿನದಲ್ಲ, ಏಕೆಂದರೆ ಮೊದಲ ಆವೃತ್ತಿ ಬಂದಿದ್ದೇ ಆಗ. ಎರಡನೆಯದು 1980ರದು, ಇವತ್ತು ಎಲ್ಲರೂ ಬಳಸುವುದು ಅದನ್ನೇ. ‘1930ರ ದಶಕದ ಸಂಗ್ರಹ’ ಅಂತ ಹೇಳಿಕೊಳ್ಳುವ ಚೀಟಿಯ ಮೇಲೆ ಸೆಲ್‌ವುಡ್ ಸಂಖ್ಯೆ ಅದೇ ಶಾಯಿಯಲ್ಲಿ ಇದ್ದರೆ ನಕ್ಕು ಮುಂದೆ ಹೋಗಿ. ಬೇರೆ ಶಾಯಿಯಲ್ಲಿ ಪಕ್ಕಕ್ಕೆ ಸೇರಿಸಿದ್ದರೆ ಅದು ನಂತರದ ಒಡೆಯರ ಕೈ, ತಪ್ಪಲ್ಲ.

‘60.5’ ಅಂದರೆ ಗ್ರೇನ್. 1 ಗ್ರೇನ್ 0.0648 ಗ್ರಾಂ. ಗುಣಿಸಿದರೆ 3.92 ಬರುತ್ತದೆ. ಹೊಂದುತ್ತದೆ, ಆದರೆ ಕುಣಿಯಬೇಡಿ: ಒರೊಡೆಸ್ ಡ್ರಾಕ್ಮ್‌ಗಳು ರಾಶಿ ರಾಶಿಯಾಗಿ 3.7ರಿಂದ 4.0 ಗ್ರಾಂ ನಡುವೆಯೇ ಕೂತಿವೆ. ತೂಕ ಹೊಂದದಿದ್ದರೆ ಚೀಟಿ ಈ ನಾಣ್ಯದ್ದಲ್ಲ ಅಂತ ತಳ್ಳಿಹಾಕಬಹುದು, ಹೊಂದಿದ ಮಾತ್ರಕ್ಕೆ ಈ ನಾಣ್ಯದ್ದೇ ಅಂತ ಒಪ್ಪಲು ಆಗುವುದಿಲ್ಲ. ಚೀಟಿ ಅಂದರೆ ಸಡಿಲ ಕಾಗದ. ಒಂದು ಟ್ರೇಯಿಂದ ಇನ್ನೊಂದಕ್ಕೆ ಹೋಗುವಾಗ ಅದಲುಬದಲಾಗುತ್ತದೆ. ಒಳ್ಳೆಯ ಚೀಟಿಯನ್ನು ಕಳಪೆ ನಾಣ್ಯಕ್ಕೆ ಬೇಕೆಂದೇ ಜೋಡಿಸುವವರೂ ಇದ್ದಾರೆ.

#4 ಹಳೇಕಾಸು

ಬಹಳ ಉಪಯೋಗವಾಯಿತು ಸಾರ್. ಹಾಗಾದರೆ ಗಟ್ಟಿ ಸಾಕ್ಷಿ ಅಂದರೆ ಚಿತ್ರವೊಂದೇ?

#5 ಚೀಟಿಚೀಲ

ಹೌದು, ಚಿತ್ರವೇ. ಅದರಲ್ಲೂ ಅಂಚಿನ ಆಕಾರ.

ಪಾರ್ಥಿಯನ್ ಡ್ರಾಕ್ಮ್ ಸುತ್ತಿಗೆಯಲ್ಲಿ ಹೊಡೆದದ್ದು. ಬಿಲ್ಲೆ ಎಂದೂ ಪೂರ್ತಿ ದುಂಡಗಿರುವುದಿಲ್ಲ, ಅಚ್ಚು ನಟ್ಟನಡುವೆ ಬೀಳುವುದಿಲ್ಲ. ಹೀಗಾಗಿ ಪ್ರತಿ ನಾಣ್ಯಕ್ಕೂ ತನ್ನದೇ ಬೆರಳಚ್ಚು ಇದೆ: ಎಲ್ಲಿ ಚಪ್ಪಟೆ, ಎಲ್ಲಿ ಸೀಳು, ಬರಹದ ಯಾವ ಅಕ್ಷರ ಅಂಚಿನಾಚೆ ಹೋಗಿದೆ, ಚುಕ್ಕಿಗಳ ವೃತ್ತ ಯಾವ ಕಡೆ ಮಾತ್ರ ಕಾಣುತ್ತದೆ. ನಾಣ್ಯವನ್ನು ಗಡಿಯಾರದ ಮುಖ ಅಂದುಕೊಂಡು ಬರೆದಿಟ್ಟುಕೊಳ್ಳಿ. ‘4 ಗಂಟೆಯ ಜಾಗದಲ್ಲಿ ಸೀಳು, 10ರಿಂದ 11ರ ವರೆಗೆ ಅಂಚು ನೇರ, ಕೆಳಸಾಲಿನ ಬರಹ ಅರ್ಧ ಹೊರಗೆ.’ ಆಮೇಲೆ ಹಳೆಯ ಚಿತ್ರದಲ್ಲಿ ಈ ಮೂರನ್ನೇ ಹುಡುಕಿ. ಮುಖದ ಚೆಲುವು, ಮೈಬಣ್ಣ ನೋಡುತ್ತ ಕೂರಬೇಡಿ. ನಾಣ್ಯ ತೊಳೆದರೆ ಬಣ್ಣ ಹೋಗುತ್ತದೆ, ಬೆಳಕು ಬದಲಾದರೆ ಮುಖವೇ ಬೇರೆ ಕಾಣುತ್ತದೆ.

ಇನ್ನೊಂದು ತಪ್ಪು ಎಲ್ಲರೂ ಮಾಡುವುದು: ಅಚ್ಚು ಒಂದೇ ಅಂತ ಕಂಡ ಕೂಡಲೇ ‘ಸಿಕ್ಕಿತು!’ ಅನ್ನುವುದು. ಒಂದೇ ಅಚ್ಚಿನಿಂದ ಸಾವಿರಾರು ನಾಣ್ಯ ಬಂದಿರುತ್ತವೆ. ಅಚ್ಚು ಕೂಡಿದರೆ ಅಣ್ಣತಮ್ಮ, ಅಂಚೂ ಕೂಡಿದರೆ ಅದೇ ನಾಣ್ಯ.

ಎಲ್ಲಿ ಹುಡುಕಬೇಕು ಅಂದರೆ, ಈಚಿನ ಸುಮಾರು 25 ವರ್ಷಕ್ಕೆ ಎಸಿಸರ್ಚ್, ಕಾಯಿನ್ ಆರ್ಕೈವ್ಸ್ ಎಂಬ ಹರಾಜು ದಾಖಲೆಯ ಜಾಲತಾಣಗಳು. ಎಸಿಸರ್ಚ್‌ನಲ್ಲಿ ಬೆಲೆ ನೋಡಲು ಚಂದಾ ಬೇಕು, ಚಿತ್ರಕ್ಕೆ ಬೇಡ. ಹುಡುಕುವಾಗ ಇಂಗ್ಲಿಷ್ ಹೆಸರೊಂದನ್ನೇ ಹಾಕಬೇಡಿ. ಜರ್ಮನ್ನರು ಪಾರ್ಥಿಯನ್ನರನ್ನು ‘ಪಾರ್ಥೆರ್’ ಅನ್ನುತ್ತಾರೆ, ಫ್ರೆಂಚರಿಗೆ ಈ ದೊರೆ ‘ಒರೋದ್’. ನಾಣ್ಯದ ಹೆಸರೂ ಅಷ್ಟೇ, ಒಂದೊಂದು ಭಾಷೆಯಲ್ಲಿ ಒಂದೊಂದು ಕಾಗುಣಿತ. ಅದಕ್ಕೂ ಹಿಂದಿನ ಮುದ್ರಿತ ಹರಾಜುಪಟ್ಟಿಗಳು ಹೈಡೆಲ್‌ಬರ್ಗ್ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ, ನ್ಯೂಮನ್ ಪೋರ್ಟಲ್ ಎಂಬ ಜಾಲತಾಣದಲ್ಲಿ ಸ್ಕ್ಯಾನ್ ಆಗಿ ಪುಕ್ಕಟೆ ಸಿಗುತ್ತವೆ. ಯಾವ ಹರಾಜಿನ ಪಟ್ಟಿ ಎಲ್ಲಿದೆ ಅಂತ ನೋಡಲು ಆರ್‌ನ್ಯೂಮಿಸ್ ಜಾಲತಾಣ.

ಹಳೆಯ ಪಟ್ಟಿಗಳ ಫಲಕ (ಚಿತ್ರಪುಟ) ನೋಡುವಾಗ ಒಂದು ಎಚ್ಚರ. 20ನೇ ಶತಮಾನದ ಮೊದಲ ಭಾಗದವು ಹೆಚ್ಚಿನವು ನಾಣ್ಯದ ಫೋಟೊ ಅಲ್ಲ, ಪ್ಲಾಸ್ಟರ್ ಅಚ್ಚಿನ ಫೋಟೊ. ಕಲೆ, ಬಣ್ಣ ಯಾವುದೂ ಅದರಲ್ಲಿ ಬಂದಿರುವುದಿಲ್ಲ, ಅಂಚಿನ ಸಣ್ಣ ಸೀಳು ತುಂಬಿಹೋಗಿರಬಹುದು. ಆದರೆ ಅಳತೆ ಸಾಮಾನ್ಯವಾಗಿ ಒಂದಕ್ಕೊಂದು ಸರಿಯಾಗಿರುತ್ತದೆ. ನಿಮ್ಮ ನಾಣ್ಯದ ಚಿತ್ರವನ್ನು ಕಪ್ಪುಬಿಳುಪು ಮಾಡಿ, ಅದೇ ಗಾತ್ರಕ್ಕೆ ತಂದು, ಅರ್ಧ ಪಾರದರ್ಶಕ ಮಾಡಿ ಮೇಲಿಟ್ಟು ನೋಡಿ.

ನಿರಾಸೆಯಾದರೂ ಹೇಳಿಬಿಡುತ್ತೇನೆ. ಒರೊಡೆಸ್ ಡ್ರಾಕ್ಮ್‌ನಂಥ ಅಗ್ಗದ, ಹೇರಳ ನಾಣ್ಯವನ್ನು ಹಳೆಯ ಪಟ್ಟಿಗಳಲ್ಲಿ ಬಿಡಿಬಿಡಿಯಾಗಿ ಚಿತ್ರ ಹಾಕಿ ಮಾರುತ್ತಿರಲಿಲ್ಲ. ‘ಪಾರ್ಥಿಯನ್ ಡ್ರಾಕ್ಮ್‌ಗಳು, 12’ ಅಂತ ಒಂದು ಗಂಟು, ಅಷ್ಟೆ. ಅದನ್ನು ದಾಟಿ ಹಿಂದೆ ಹೋಗಲು ದಾರಿಯಿಲ್ಲ. ದೊರೆ ಫ್ರಾಟಾಸೆಸ್ ಮತ್ತು ಅವನ ತಾಯಿ ಮ್ಯೂಸಾ ಇಬ್ಬರ ಮುಖವೂ ಇರುವ ನಾಣ್ಯದಂಥ ಅಪರೂಪದ್ದಾದರೆ ಮಾತ್ರ ಹಳೆಯ ಫಲಕಗಳಲ್ಲಿ ಸಿಗುವ ಆಸೆ ಇಟ್ಟುಕೊಳ್ಳಿ.

#6 ಗುಲಗಂಜಿತೂಕ

ಚೀಟಿಚೀಲ ಅವರ ಮಾತಿಗೆ ಒಂದು ಬಾಲ. ಅಂಚೂ ಅದೇ, ಅಚ್ಚು ಬಿದ್ದ ಜಾಗವೂ ಅದೇ, ಆದರೆ ತೂಕ ಕಾಲು ಗ್ರಾಂ ಬೇರೆ ಇರುವ ಎರಡು ‘ನಾಣ್ಯ’ ಸಿಕ್ಕರೆ ಒಂದು ಇನ್ನೊಂದರಿಂದ ಎರಕ ಹೊಯ್ದ ನಕಲಿ. ಅಂಥದ್ದರಲ್ಲಿ ಅಕ್ಷರದ ಬುಡ ಸೋಪು ಸವೆದಂತೆ ಮೃದು, ಮೈಮೇಲೆ ಸಣ್ಣ ಗಾಳಿಗುಳಿ, ಅಂಚಿನ ಸುತ್ತ ಅರದಲ್ಲಿ ಉಜ್ಜಿದ ಗೆರೆ. ಇಂಥ ಜೋಡಿ ಹುಡುಕಲೂ ಅದೇ ಎಸಿಸರ್ಚ್.

ಕೈಗೆ ಬಂದ ಮೇಲೆ ಸಾಪೇಕ್ಷ ಸಾಂದ್ರತೆ ನೋಡುವವರಿಗೆ. ನಾಣ್ಯವನ್ನು ಗಾಳಿಯಲ್ಲಿ ತೂಗಿ. ತಕ್ಕಡಿಯ ಮೇಲೆ ನೀರಿನ ಲೋಟ ಇಟ್ಟು ಸೊನ್ನೆ ಮಾಡಿ. ನಾಣ್ಯವನ್ನು ತೆಳು ನೈಲಾನ್ ಎಳೆಯಲ್ಲಿ ಕಟ್ಟಿ, ತಳಕ್ಕೂ ಬದಿಗೂ ತಾಗದಂತೆ ನೀರಿನೊಳಗೆ ಇಳಿಬಿಡಿ. ಈಗ ತಕ್ಕಡಿ ತೋರಿಸುವುದು ಸರಿದ ನೀರಿನ ತೂಕ. 3.92 ಗ್ರಾಂ ನಾಣ್ಯಕ್ಕೆ 0.38 ಬಂದರೆ 3.92 ಭಾಗಿಸು 0.38, ಅಂದರೆ 10.32. ಶುದ್ಧ ಬೆಳ್ಳಿ 10.49, ತಾಮ್ರ 8.96. ಬೆಳ್ಳಿ-ತಾಮ್ರ ಎರಡೇ ಇವೆ ಅಂದುಕೊಂಡರೆ ಇದು ಸುಮಾರು ಶೇ. 90 ಬೆಳ್ಳಿ.

ಇಲ್ಲೇ ಎಡವುವುದು. ಎರಡು ದಶಮಾಂಶದ ತಕ್ಕಡಿಯಲ್ಲಿ 0.37 ಓದಿದರೆ 10.59, 0.39 ಓದಿದರೆ 10.05. ಅಂದರೆ ಒಂದೇ ಅಂಕಿಯ ತಪ್ಪಿನಲ್ಲಿ ‘ಶುದ್ಧಕ್ಕಿಂತ ಶುದ್ಧ’ವೂ ಆಗುತ್ತದೆ, ಕಾಲು ಭಾಗ ತಾಮ್ರವೂ ಆಗುತ್ತದೆ. 0.001 ಗ್ರಾಂ ತೋರಿಸುವ ತಕ್ಕಡಿ ಇಲ್ಲದೆ ಡ್ರಾಕ್ಮ್‌ಗೆ ಈ ಪರೀಕ್ಷೆ ಮಾಡಿ ಪ್ರಯೋಜನವಿಲ್ಲ. ಗಾಳಿಗುಳ್ಳೆ ಅಂಟಿಕೊಂಡರೆ ಸಾಂದ್ರತೆಯ ಅಂಕಿ ಕೆಳಗಿಳಿಯುತ್ತದೆ. ನೀರಿಗೆ ಪಾತ್ರೆ ತೊಳೆಯುವ ಲಿಕ್ವಿಡ್ ಒಂದೇ ಒಂದು ತೊಟ್ಟು ಹಾಕಿ, ನಾಣ್ಯವನ್ನು ಮೆತ್ತಗೆ ಅಲ್ಲಾಡಿಸಿ. ಐದು ಸಲ ತೂಗಿ ನಡುವಿನ ಅಂಕಿ ತೆಗೆದುಕೊಳ್ಳಿ. ಒಳಗೆ ತಾಮ್ರ, ಮೇಲೆ ಬೆಳ್ಳಿ ಹೊದಿಸಿದ್ದಾದರೆ 9ರ ಆಸುಪಾಸು ಬರುತ್ತದೆ. ಆದರೆ ಅದು ಆ ಕಾಲದಲ್ಲೇ ಮಾಡಿದ ಕಳ್ಳನಾಣ್ಯವೂ ಆಗಿರಬಹುದು, ಈಗಿನದೇ ಅಂತ ತೀರ್ಪು ಕೊಡಬೇಡಿ.

ಕಲ್ಲಿನ ಮೇಲೆ ಬೀಳಿಸಿ ಠಣ್ ಅನ್ನುತ್ತದಾ ನೋಡುವ ಅಂಗಡಿ ಪರೀಕ್ಷೆ ಇದಕ್ಕೆ ಬೇಡ. ಎರಡು ಸಾವಿರ ವರ್ಷ ಮಣ್ಣಲ್ಲಿದ್ದ ಬೆಳ್ಳಿ ಒಳಗೊಳಗೇ ಹರಳುಗಟ್ಟಿ ಗಾಜಿನಂತಾಗಿರಬಹುದು, ಹಾಗಿದ್ದು ಬಿದ್ದರೆ ಎರಡು ಹೋಳು.

#7 ದ್ರಮ್ಮ

ನನ್ನ ಐಡಿ ನೋಡಿ ಯಾರೂ ಕೇಳಲಿಲ್ಲವಲ್ಲ! ರಾಷ್ಟ್ರಕೂಟರ ಕಾಲದ ಶಾಸನಗಳಲ್ಲಿ ಬರುವ ‘ದ್ರಮ್ಮ’ ಇದೇ ಡ್ರಾಕ್ಮಾದ ಮೊಮ್ಮಗ. ನಾಸಿಕದ ಶಾಸನದಲ್ಲಿ ಗೌತಮೀಪುತ್ರ ಶಾತಕರ್ಣಿ ಶಕ, ಯವನ, ಪಹ್ಲವರನ್ನು ಸದೆಬಡಿದವನು. ಆ ಪಹ್ಲವರು ಈ ಕಡೆಯವರೇ. ಹೆಸರು ಹತ್ತಿರ ಇದೆ ಅಂತ ಕಂಚಿಯ ಪಲ್ಲವರನ್ನು ಇದಕ್ಕೆ ಎಳೆದು ತರಬೇಡಿ.

ವಿಷಯಕ್ಕೆ ಬಂದರೆ, ಉಪಖಂಡದ ಮಾರುಕಟ್ಟೆಯಲ್ಲಿ ‘ಪಾರ್ಥಿಯನ್’ ಅಂತ ತೋರಿಸುವುದು ಎಷ್ಟೋ ಸಲ ತಕ್ಷಶಿಲೆ, ಸೀಸ್ತಾನ್ (ಇರಾನ್-ಅಫ್ಘಾನಿಸ್ತಾನದ ಗಡಿ ಸೀಮೆ) ಕಡೆಯ ಇಂಡೋ-ಪಾರ್ಥಿಯನ್. ಅಲ್ಲಿನ ದೊರೆ ಗೊಂಡೊಫರೆಸ್ ಮತ್ತು ಅವನ ನಂತರದವರದು. ಸೀಸ್ತಾನದ ಕೆಲವು ಡ್ರಾಕ್ಮ್‌ಗಳಲ್ಲೂ ಬಿಲ್ಲುಗಾರನೇ ಕೂತಿರುತ್ತಾನೆ. ಬರಹವನ್ನು ಭೂತಗನ್ನಡಿಯಲ್ಲಿ ನೋಡದೆ ದುಡ್ಡು ಕೊಡಬೇಡಿ.

#8 ಟೈಗ್ರಿಸ್‌ತೀರ

ಡ್ರಾಕ್ಮ್ ಬಿಟ್ಟು ಟೆಟ್ರಾಡ್ರಾಕ್ಮ್ (ನಾಲ್ಕು ಡ್ರಾಕ್ಮ್ ಬೆಲೆಯ ನಾಣ್ಯ) ಕೊಳ್ಳುವವರಿಗೂ ಒಂದು ಮಾತು. ಅವು ಬಹುಪಾಲು ಬಾಗ್ದಾದಿನ ದಕ್ಷಿಣಕ್ಕಿರುವ ಸೆಲ್ಯೂಸಿಯಾದವು. ಕೊನೆಕೊನೆಗೆ ಬೆಳ್ಳಿಗಿಂತ ತಾಮ್ರವೇ ಜಾಸ್ತಿ, ಆದ್ದರಿಂದ ಗುಲಗಂಜಿ ಅವರ ನೀರಿನ ಪರೀಕ್ಷೆ ಇಲ್ಲಿ ನಡೆಯದು. ಆದರೆ ಇವುಗಳ ಮೇಲೆ ವರ್ಷ, ಕೆಲವೊಮ್ಮೆ ತಿಂಗಳೂ ಇರುತ್ತದೆ. ಗ್ರೀಕ್ ಅಕ್ಷರಗಳೇ ಅಂಕಿ: ಉಪ್ಸಿಲಾನ್ 400, ಕ್ಸೈ 60, ಆಲ್ಫಾ 1. ಕೂಡಿದರೆ 461. ಸುಮ್ಮನೆ ಕೂಡುವ ಲೆಕ್ಕವಾದ್ದರಿಂದ ಅಕ್ಷರ ಹಿಂದುಮುಂದಾದರೂ ಚಿಂತೆಯಿಲ್ಲ. ಇದು ಸೆಲ್ಯೂಸಿಡ್ ಶಕೆ. 311 ಕಳೆದರೆ ಕ್ರಿಸ್ತಶಕ, ಅಂದರೆ ಕ್ರಿ.ಶ. 150/151, ನಾಲ್ಕನೇ ವೊಲಗೇಸಸ್.

#9 ಬಿಲ್ಲುಗಾರ

311 ಅಲ್ಲ, 312 ಕಳೆಯಬೇಕು. 311 ಬ್ಯಾಬಿಲೋನಿಯನ್ ಲೆಕ್ಕ, ವರ್ಷ ವಸಂತದಲ್ಲಿ ಶುರು. ಸೆಲ್ಯೂಸಿಯಾದ ಟಂಕಸಾಲೆಯದು ಮೆಸಿಡೋನಿಯನ್ ಲೆಕ್ಕ, ಕ್ರಿ.ಪೂ. 312ರ ಶರತ್ಕಾಲದಿಂದ. 461 ಅಂದರೆ ಕ್ರಿ.ಶ. 149/150. ದೊರೆ ಸರಿಯಾಗಿದೆ.

#10 ಟೈಗ್ರಿಸ್‌ತೀರ

ಹೌದು, ನನ್ನದೇ ತಪ್ಪು. ನನ್ನ ಲೆಕ್ಕವನ್ನು ಯಾರಾದರೂ ನಕಲು ಮಾಡಿಕೊಂಡಿದ್ದರೆ ತಿದ್ದಿಕೊಳ್ಳಿ.

#11 ಕಾನೂನುಕಟ್ಟೆ

ಬೆಂಗಳೂರಿಗೆ ತರಿಸುವ ಬಗ್ಗೆ. 1972ರ ಪ್ರಾಚ್ಯವಸ್ತು ಕಾಯ್ದೆಯ ಪ್ರಕಾರ 100 ವರ್ಷ ದಾಟಿದ ನಾಣ್ಯ ‘ಪ್ರಾಚ್ಯವಸ್ತು’. ರಫ್ತು ಮಾಡುವ ಹಕ್ಕು ಕೇಂದ್ರ ಸರ್ಕಾರಕ್ಕೆ ಮತ್ತು ಅದು ಅಧಿಕಾರ ಕೊಟ್ಟ ಸಂಸ್ಥೆಗೆ ಮಾತ್ರ. ಇದರಲ್ಲಿ ಸಿಕ್ಕಿಬೀಳುವ ಜಾಗ ಯಾವುದು ಗೊತ್ತೇ? ನಾಣ್ಯ ನಕಲಿ ಅನ್ನಿಸಿ ಹರಾಜಿನವರಿಗೆ ವಾಪಸ್ ಪಾರ್ಸೆಲ್ ಮಾಡಲು ಹೋದರೆ ಅದೂ ರಫ್ತೇ. ನಕಲಿ ಅಂತ ಸಾಬೀತಾಗುವವರೆಗೆ ಅದು ಪ್ರಾಚ್ಯವಸ್ತುವಿನಂತೆಯೇ ಕಾಣುತ್ತದೆ. ಆದ್ದರಿಂದ ತಪಾಸಣೆಯೆಲ್ಲ ಅಲ್ಲಿಂದ ಹೊರಡುವ ಮುಂಚೆಯೇ ಮುಗಿಯಲಿ. ಕಸ್ಟಮ್ಸ್ ಹೇಳಿಕೆಯಲ್ಲಿ ಶೀರ್ಷಿಕೆ 9705, ನಿಜವಾದ ಬೆಲೆ, ಇನ್‌ವಾಯ್ಸ್ ಜೊತೆಗೆ. ‘ಗಿಫ್ಟ್’, ‘ಟೋಕನ್’ ಅಂತ ಬರೆಯಲು ಮಾರಾಟಗಾರರಿಗೆ ಹೇಳಬೇಡಿ. ಮುಂದೆ ನಿಮ್ಮ ಒಡೆತನದ ದಾಖಲೆ ಆ ಕಾಗದವೇ.

ಹೊಲದಲ್ಲೋ ಪಾಯ ತೋಡುವಾಗಲೋ ಸಿಕ್ಕ ನಾಣ್ಯವಾದರೆ 1878ರ ನಿಧಿ ಕಾಯ್ದೆ ಬೇರೆಯೇ ಇದೆ. 10 ರೂಪಾಯಿಗಿಂತ ಹೆಚ್ಚು ಬೆಲೆಯ ನಿಧಿಯನ್ನು ಜಿಲ್ಲಾಧಿಕಾರಿಗೆ ತಿಳಿಸಲೇಬೇಕು.

ಹೊರದೇಶದಲ್ಲಿರುವ ಕನ್ನಡಿಗರಿಗೆ: ಸೆಲ್ಯೂಸಿಯಾ ಇರಾಕಿನ ನೆಲ. ವಿಶ್ವಸಂಸ್ಥೆಯ ಭದ್ರತಾ ಮಂಡಳಿಯ 1483ನೇ ನಿರ್ಣಯ (2003) 1990ರ ಆಗಸ್ಟ್ 6ರ ನಂತರ ಇರಾಕಿನಿಂದ ಅಕ್ರಮವಾಗಿ ಹೊರಹೋದ ಸಾಂಸ್ಕೃತಿಕ ವಸ್ತುಗಳ ವ್ಯಾಪಾರವನ್ನು ತಡೆಯುತ್ತದೆ. ಟೆಟ್ರಾಡ್ರಾಕ್ಮ್‌ಗೆ ಆ ದಿನಾಂಕಕ್ಕಿಂತ ಹಿಂದಿನ ಕಾಗದ ಇದ್ದರೆ ನಿದ್ದೆ ಚೆನ್ನಾಗಿ ಬರುತ್ತದೆ. ಯುರೋಪಿಗೆ ತರುವವರಿಗೆ ಯುರೋಪಿಯನ್ ಒಕ್ಕೂಟದ ಸಾಂಸ್ಕೃತಿಕ ವಸ್ತು ಆಮದಿನ 2019/880 ನಿಯಮ 2025ರ ಜೂನ್ 28ರಿಂದ ಪೂರ್ತಿ ಜಾರಿಯಲ್ಲಿದೆ.

#12 ಕಡಲತಡಿ

ನಾಣ್ಯ ಬಂದ ಮೇಲೆ ದಯವಿಟ್ಟು ಹುಣಸೆಹಣ್ಣು, ವಿಭೂತಿ ಹಾಕಿ ದೇವರ ದೀಪದ ಹಾಗೆ ತಿಕ್ಕಬೇಡಿ. ಬೆಳ್ಳಿ ಫಳಫಳ ಮಾಡುವ ಡಿಪ್ ಕೂಡ ಬೇಡ. ಹುಳಿ ಬೆಳ್ಳಿಯೊಳಗಿನ ತಾಮ್ರವನ್ನು ತಿನ್ನುತ್ತದೆ, ಮೈ ರಂಧ್ರ ರಂಧ್ರವಾಗುತ್ತದೆ. ಬಣ್ಣದ ಜೊತೆಗೆ ಹಳೆಯ ಫೋಟೊಕ್ಕೆ ತಾಳೆ ನೋಡುವ ಗೀರು, ಕಲೆಗಳೂ ಹೋಗುತ್ತವೆ. ಡಿಸ್ಟಿಲ್ಡ್ ವಾಟರ್, ಮೆತ್ತನೆ ಬಟ್ಟೆಯಲ್ಲಿ ಒತ್ತಿ ಒರೆಸುವುದು, ಅಷ್ಟು ಸಾಕು.

ಮೆತ್ತಗಿರುವ ಪಿವಿಸಿ ಕವರ್ ಬಳಸಬೇಡಿ, ಎರಡು ಮಳೆಗಾಲದಲ್ಲಿ ಹಸಿರು ಅಂಟು ಬಿಡುತ್ತದೆ. ಅಂಟಿದ್ದರೆ ಶುದ್ಧ ಅಸಿಟೋನ್‌ನಲ್ಲಿ ನೆನೆಸಿದರೆ ಹೋಗುತ್ತದೆ (ಉಗುರುಬಣ್ಣ ತೆಗೆಯುವ ಬಾಟಲಿಯದು ಬೇಡ, ಅದರಲ್ಲಿ ಎಣ್ಣೆ, ಸುವಾಸನೆ ಸೇರಿರುತ್ತದೆ). ಪಾಲಿಯೆಸ್ಟರ್ ಕವರ್ ಒಳ್ಳೆಯದು. ಕರಾವಳಿ, ಮಲೆನಾಡಿನವರು ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಹಾಕಿ, ಬಣ್ಣ ಬದಲಾದಾಗ ಒಣಗಿಸಿ. ಸೂಸಾ, ಸೆಲ್ಯೂಸಿಯಾದ ತಾಮ್ರದ ಕಾಸುಗಳನ್ನು ಬೆಳ್ಳಿಯಿಂದ ಬೇರೆ ಡಬ್ಬಿಯಲ್ಲಿಡಿ. ತಿಳಿಹಸಿರು ಪುಡಿ ಉದುರುತ್ತಿದ್ದರೆ ಅದು ಕಂಚಿನ ರೋಗ, ಅಂದರೆ ಲೋಹವನ್ನು ತಿನ್ನುವ ತುಕ್ಕು.

#13 ಹಳೇಕಾಸು

ಹರಾಜಿನವರಿಗೆ ಬರೆದಿದ್ದೆ, ಉತ್ತರ ಬಂತು. ‘2006ರ ಹರಾಜೊಂದರಲ್ಲಿ ಮಾರಾಟವಾಗಿತ್ತು’ ಅಂತ ಲಾಟ್ ಸಂಖ್ಯೆ ಕೊಟ್ಟಿದ್ದಾರೆ. ಎರಡೂ ಚಿತ್ರ ಹಾಕಿದ್ದೇನೆ. ಮುಖ ಒಂದೇ ಥರ ಇದೆ, ಗಡ್ಡದ ಕೆಳಗಿನ ಉಬ್ಬು ಸಹ ಎರಡರಲ್ಲೂ ಇದೆ. 2006ರ ತೂಕ 3.87.

#14 ಚೀಟಿಚೀಲ

ಗಡ್ಡದ ಕೆಳಗಿನ ಉಬ್ಬು ಅಚ್ಚಿನ ಬಿರುಕು. ಆ ಅಚ್ಚಿನಲ್ಲಿ ಬಿರುಕು ಬಿಟ್ಟ ಮೇಲೆ ಹೊಡೆದ ಎಲ್ಲ ನಾಣ್ಯದಲ್ಲೂ ಅದು ಇರುತ್ತದೆ. ಅಂಚು ನೋಡಿ. ನಿಮ್ಮದರಲ್ಲಿ 4 ಗಂಟೆಗೆ ಸೀಳು. 2006ರದ್ದರಲ್ಲಿ ಆ ಜಾಗ ಇಡಿಯಾಗಿದೆ, 7ರ ಹತ್ತಿರ ಚಪ್ಪಟೆ. ಸೀಳು ಆಮೇಲೆ ಬಿಟ್ಟಿರಬಹುದು ಅಂತ ವಾದಿಸಬಹುದು, ಚಪ್ಪಟೆ ಅಂಚು ತಾನಾಗಿ ದುಂಡಗಾಗುವುದಿಲ್ಲ. ಹಿಮ್ಮುಖದಲ್ಲಿ ನಿಮ್ಮ ಬಿಲ್ಲುಗಾರನ ಪಾದ ಅಂಚಿನೊಳಗಿದೆ, ಅದರಲ್ಲಿ ಅರ್ಧ ಹೊರಗೆ.

ತೂಕವನ್ನೂ ಸೇರಿಸಿ. ತೊಳೆದರೆ, ಸವೆದರೆ ತೂಕ ಇಳಿಯುತ್ತದೆ. ಎರಡು ತಕ್ಕಡಿಗಳ ನಡುವೆ 0.01, 0.02 ಹೆಚ್ಚುಕಡಿಮೆ ಸಹಜ. 3.87 ಇದ್ದದ್ದು 3.92ಕ್ಕೆ ಏರುವುದಿಲ್ಲ. ಒಂದೇ ಅಚ್ಚಿನ ಇಬ್ಬರು ಅಣ್ಣತಮ್ಮಂದಿರು, ನಾಣ್ಯ ಬೇರೆ.

#15 ಬಿಲ್ಲುಗಾರ

ಒಪ್ಪಿದೆ. ಬೇಕೆಂದೇ ಮಾಡಿದ್ದು ಅನ್ನಲಾರೆ, ಅವಸರದಲ್ಲಿ ಮುಖ ನೋಡಿ ಜೋಡಿಸಿದಂತಿದೆ. ಆದರೆ ಇಂಥ ಒಂದು ಸಾಲು ಬೆಲೆ ಏರಿಸುತ್ತದೆ ಎಂಬುದನ್ನೂ ಮರೆಯಬೇಡಿ. 2020ರ ಅಕ್ಟೋಬರಿನಲ್ಲಿ ಲಂಡನ್ನಿನಲ್ಲಿ ದಾಖಲೆ ಬೆಲೆಗೆ ಹೋದ ಬ್ರೂಟಸ್‌ನ ‘ಈದ್ ಮಾರ್’ ಚಿನ್ನದ ನಾಣ್ಯದ ಒಡೆತನದ ಕಥೆ ಸುಳ್ಳು ಅಂತ ಗೊತ್ತಾಗಿ, 2023ರಲ್ಲಿ ಅದು ಗ್ರೀಸಿಗೆ ವಾಪಸ್ ಹೋಯಿತು. 

ಅವರಿಗೆ ಎರಡು ಚಿತ್ರ ಪಕ್ಕಪಕ್ಕ ಇಟ್ಟು, 4 ಮತ್ತು 7 ಗಂಟೆಯ ಜಾಗಕ್ಕೆ ಬಾಣ ಹಾಕಿ ಕಳಿಸಿ. 2006ರ ಸಾಲು ತೆಗೆಯಲು ಹೇಳಿ. ಮಾರಲು ಕೊಟ್ಟವರು ನಾಣ್ಯವನ್ನು ಯಾವ ವರ್ಷದಲ್ಲಿ, ಯಾವ ದೇಶದಲ್ಲಿ ಕೊಂಡರು ಅನ್ನುವುದನ್ನು ಲಿಖಿತವಾಗಿ ಕೇಳಿ. ಹೆಸರು ಕೊಡದಿದ್ದರೂ ಪರವಾಗಿಲ್ಲ, ವರ್ಷ ಮತ್ತು ದೇಶ ಬೇಕು. ಅದನ್ನೂ ಕೊಡದಿದ್ದರೆ ಬಿಟ್ಟುಬಿಡಿ. ಒರೊಡೆಸ್ ಡ್ರಾಕ್ಮ್‌ಗೇನು ಬರ, ಮುಂದಿನ ತಿಂಗಳು ಇನ್ನೈದು ಬರುತ್ತವೆ.

#16 ಹಳೇಕಾಸು

ಕಳಿಸಿದೆ. 2006ರ ಸಾಲು ತೆಗೆದಿದ್ದಾರೆ. ‘1994ಕ್ಕೆ ಮುಂಚೆ ಜರ್ಮನಿಯಲ್ಲಿ ಕೊಂಡದ್ದು’ ಅಂತ ಬರೆದು, ಆಗಿನ ಅಂಗಡಿ ರಶೀದಿಯ ಸ್ಕ್ಯಾನ್ ಕೊಟ್ಟಿದ್ದಾರೆ. ರಶೀದಿಯಲ್ಲಿ ‘ಪಾರ್ಥಿಯನ್ ಡ್ರಾಕ್ಮ್, 3 ನಾಣ್ಯ’ ಅಂತ ಮಾತ್ರ ಇದೆ, ಚಿತ್ರವಿಲ್ಲ. ನನ್ನ ಕಾರ್ಡಿನಲ್ಲಿ ಏನಂತ ಬರೆಯಲಿ?

#17 ಚೀಟಿಚೀಲ

‘ಮಾರಾಟಗಾರರ ಹೇಳಿಕೆ: 1994ಕ್ಕೆ ಮುಂಚೆ, ಜರ್ಮನಿ. 3 ನಾಣ್ಯದ ರಶೀದಿ ಲಗತ್ತಿಸಿದೆ, ಅದರಲ್ಲಿ ಈ ನಾಣ್ಯ ಸೇರಿದೆ ಎಂಬುದು ಚಿತ್ರದಿಂದ ಖಚಿತವಾಗಿಲ್ಲ. ಕೈಬರಹದ ಚೀಟಿ, ಹಳೆಯ ಎಣಿಕೆ, 60.5 ಗ್ರೇನ್, ಒಡೆಯರು ಗೊತ್ತಿಲ್ಲ.’ ಕೆಳಗೆ 3.92 ಗ್ರಾಂ, 20 ಮಿ.ಮೀ., ಅಚ್ಚಿನ ದಿಕ್ಕು, 4 ಗಂಟೆಯ ಸೀಳು. ಬಿಲ್ಲುಗಾರ ನೆಟ್ಟಗೆ ಕೂತಿರುವಂತೆ ಎರಡೂ ಬದಿಯ ಚಿತ್ರ, ಅಂಚು ಎಲ್ಲೂ ಕತ್ತರಿಸದೆ. ಚೀಟಿಯನ್ನು ನಾಣ್ಯದ ಕವರಿನೊಳಗೆ ಇಡಬೇಡಿ, ಹಳೆಯ ಕಾಗದದ ಹುಳಿ ಬೆಳ್ಳಿಗೆ ತಾಗುತ್ತದೆ. ಪಕ್ಕದ ಕವರಿನಲ್ಲಿಟ್ಟು ಎರಡಕ್ಕೂ ಒಂದೇ ಸಂಖ್ಯೆ ಹಾಕಿ.